ಮಾಳಿಗೆಗೆ ಅಡ್ಡಗೋಡೆ, ಸೈಕಲ್ಲಿಗೆ ಬ್ರೇಕ್: ಮಂಗಳೂರಿನ ರಸ್ತೆಯಲ್ಲಿ ದಿನದ ಓಡಾಟ

ಹೊಸ ಗಾಡಿ ಮನೆಗೆ ಬಂದರೆ ನಮ್ಮ ಕ್ರೈಸ್ತ ಕುಟುಂಬಗಳಲ್ಲಿ ಸಭಾಪಾಲಕರನ್ನು ಕರೆಸಿ ಪ್ರಾರ್ಥನೆ ಮಾಡಿಸುತ್ತೇವೆ, ಹಿಂದಿನ ಗಾಜಿಗೆ ಒಂದು ವಚನ ಅಂಟಿಸುತ್ತೇವೆ. ಕೀರ್ತನೆ 91 ಅದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಕಾಲು ಕಲ್ಲಿಗೆ ತಗಲದಂತೆ ದೇವದೂತರು ಎತ್ತಿಕೊಂಡು ಕಾಯುತ್ತಾರೆ ಎಂಬ ಭರವಸೆ ಅಲ್ಲಿದೆ. ಆದರೆ ಅದೇ ವಚನವನ್ನು ಸತ್ಯವೇದದಲ್ಲಿ ಇನ್ನೊಮ್ಮೆ ಎತ್ತಿ ಹೇಳುವವನು ಸೈತಾನ. ಮತ್ತಾಯ 4ರಲ್ಲಿ ಅವನು ಯೇಸುವನ್ನು ದೇವಾಲಯದ ತುದಿಯಲ್ಲಿ ನಿಲ್ಲಿಸಿ, ಹಾರು, ದೂತರು ಹಿಡಿಯುತ್ತಾರೆ ಎನ್ನುತ್ತಾನೆ. ದೇವರನ್ನು ಪರೀಕ್ಷಿಸಬಾರದು ಎಂದು ಯೇಸು ಉತ್ತರ ಕೊಡುತ್ತಾನೆ, ಹಾರುವುದಿಲ್ಲ. ಸೈಕಲ್ ಹತ್ತುವವರು ಈ ಎರಡನ್ನೂ ಒಟ್ಟಿಗೆ ಓದಬೇಕು. ಸವೆದ ಬ್ರೇಕ್ ಶೂ ಹಾಕಿಕೊಂಡು, ಹಿಂದೆ ಲೈಟಿಲ್ಲದೆ, ದೇವರಿದ್ದಾನೆ ಎಂದು ಗುಡ್ಡ ಇಳಿಯುವುದನ್ನು ನಂಬಿಕೆ ಎನ್ನಲು ನನಗೆ ಮನಸ್ಸಿಲ್ಲ.

ಇದಕ್ಕಿಂತ ನೇರವಾದ ಮಾತು ಧರ್ಮೋಪದೇಶಕಾಂಡ 22:8ರಲ್ಲಿದೆ. ಹೊಸ ಮನೆ ಕಟ್ಟಿದರೆ ಮಾಳಿಗೆಗೆ ಸುತ್ತ ಅಡ್ಡಗೋಡೆ ಕಟ್ಟು, ಇಲ್ಲವಾದರೆ ಯಾರಾದರೂ ಬಿದ್ದು ಸತ್ತ ಅಪರಾಧ ನಿನ್ನ ಮನೆಯ ಮೇಲೆ ಬರುತ್ತದೆ ಎನ್ನುತ್ತದೆ ಆ ವಚನ. ಮುಳಿಹುಲ್ಲಿನ ಮಾಡು, ಆಮೇಲೆ 1865ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆ ಜೆಪ್ಪುವಿನಲ್ಲಿ ಶುರುಮಾಡಿದ ಕಾರ್ಖಾನೆಯ ಹಂಚಿನ ಮಾಡು ಕಂಡು ಬೆಳೆದ ನಮ್ಮೂರಿನವರಿಗೆ ಇದು ಚಕ್ಕನೆ ಹತ್ತುವುದಿಲ್ಲ, ಏಕೆಂದರೆ ಇಳಿಜಾರು ಮಾಡಿನ ಮೇಲೆ ಯಾರೂ ಓಡಾಡುವುದಿಲ್ಲ. ಸತ್ಯವೇದದ ನಾಡಿನಲ್ಲಿ ಮಾಳಿಗೆ ಸಮತಟ್ಟು, ಜನ ಅಲ್ಲೇ ಮಲಗುತ್ತಿದ್ದರು, ಕೆಲಸ ಮಾಡುತ್ತಿದ್ದರು. ಅಪಾಯ ಎಲ್ಲಿದೆ ಎಂದು ಮೊದಲೇ ಗೊತ್ತಿದ್ದರೆ ಗೋಡೆಯನ್ನೂ ಮೊದಲೇ ಕಟ್ಟಬೇಕು ಎಂಬುದು ಅಲ್ಲಿನ ಆಜ್ಞೆ. ಮಂಗಳೂರಿನಲ್ಲಿ ಸೈಕಲ್ಲನ್ನು ದಿನದ ಓಡಾಟಕ್ಕೆ ಹೊಂದಿಸಿಕೊಂಡ ಕ್ರಮವನ್ನು ನಾನು ಈ ಆಜ್ಞೆಯ ಲೆಕ್ಕದಲ್ಲೇ ಬರೆಯುತ್ತಿದ್ದೇನೆ.

ಮೊದಲ ಗೋಡೆ ದಾರಿಯ ಆಯ್ಕೆ. ಮೋರ್ಗನ್ಸ್‌ಗೇಟ್ ಕಡೆಯಿಂದ ಬಲ್ಮಠಕ್ಕೆ ಹೋಗಲು ಹಲವು ದಾರಿಗಳಿವೆ. ನಂದಿಗುಡ್ಡ, ವೆಲೆನ್ಸಿಯ, ಕಂಕನಾಡಿ, ಬೆಂದೂರ್‌ವೆಲ್ ಎಂದು ಒಳಗಿನಿಂದ ಹೋಗುವ ದಾರಿಯಲ್ಲಿ ಏರಿಳಿತ ಇದೆ, ಆದರೆ ವಾಹನಗಳ ವೇಗ ಕಡಿಮೆ. ಪಂಪ್‌ವೆಲ್, ನಂತೂರು, ಕೆಪಿಟಿ, ಕೊಟ್ಟಾರ ಚೌಕಿ, ಕೂಳೂರು ಎಂದು ಸಾಗುವ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಪಣಂಬೂರು ಬಂದರಿನ ಟ್ಯಾಂಕರ್, ಕಂಟೇನರ್ ಲಾರಿಗಳು ಓಡುತ್ತವೆ. ಗಂಟೆಗೆ 60 ಕಿ.ಮೀ. ವೇಗದ ವಾಹನ 30ರ ವೇಗದ್ದಕ್ಕಿಂತ ನಾಲ್ಕು ಪಟ್ಟು ಶಕ್ತಿಯಿಂದ ಬಡಿಯುತ್ತದೆ. ಹಾಗಾಗಿ ಎರಡು ಕಿಲೋಮೀಟರ್ ಸುತ್ತಾದರೂ ಒಳದಾರಿಯೇ ಸರಿ. ಹೆದ್ದಾರಿಯನ್ನು ಅಡ್ಡ ದಾಟಲೇಬೇಕಾದ ಕಡೆ ಸೈಕಲ್ ಇಳಿದು, ತಳ್ಳಿಕೊಂಡು, ನಡೆಯುವವರ ಜೊತೆ ದಾಟಬೇಕು. ಇದರಲ್ಲಿ ಮಾನ ಹೋಗುವಂಥದ್ದು ಏನೂ ಇಲ್ಲ.

ದಾರಿಯನ್ನು ಒಂದು ಭಾನುವಾರ ಮಧ್ಯಾಹ್ನ, ರಸ್ತೆ ಖಾಲಿ ಇರುವಾಗ, ನಿಧಾನಕ್ಕೆ ಹೋಗಿ ನೋಡಿ ಬರಬೇಕು. ನೋಡಬೇಕಾದದ್ದು ನಾಲ್ಕು: ಕಾಂಕ್ರೀಟ್ ರಸ್ತೆಯ ಅಂಚು ಎಲ್ಲಿ ಮಣ್ಣಿಗೆ ಧುಮುಕುತ್ತದೆ, ಚರಂಡಿಯ ಚಪ್ಪಡಿ ಎಲ್ಲಿ ಒಡೆದಿದೆ, ಸಿಟಿ ಬಸ್ಸುಗಳು ಎಲ್ಲಿ ನಿಲ್ಲುತ್ತವೆ, ಇಳಿಜಾರಿನ ಕೊನೆಗೆ ಅಡ್ಡರಸ್ತೆ ಇದೆಯೋ ಎಂಬುದು. ಮೊದಲನೆಯದನ್ನು ಹಗುರವಾಗಿ ತೆಗೆದುಕೊಳ್ಳುವವರೇ ಹೆಚ್ಚು. ನಮ್ಮ ಕಾಂಕ್ರೀಟ್ ರಸ್ತೆಗಳಿಗೂ ಪಕ್ಕದ ಮಣ್ಣಿಗೂ ಹಲವು ಕಡೆ ಗೇಣಿನಷ್ಟು ಎತ್ತರ ವ್ಯತ್ಯಾಸ ಇದೆ. ಹಿಂದಿನಿಂದ ಹಾರ್ನ್ ಕೇಳಿದ ಕೂಡಲೆ ಎಡಕ್ಕೆ ಸರಿದರೆ ಚಕ್ರ ಕೆಳಗಿಳಿಯುತ್ತದೆ. ಮತ್ತೆ ಮೇಲೆ ಹತ್ತಿಸಲು ಹ್ಯಾಂಡಲ್ ತಿರುಗಿಸಿದಾಗ ಟಯರಿನ ಬದಿ ಅಂಚಿಗೆ ಉಜ್ಜಿ, ಮುಂದಿನ ಚಕ್ರ ಅಲ್ಲೇ ನಿಂತು, ಸವಾರ ಬಲಕ್ಕೆ, ಅಂದರೆ ವಾಹನಗಳ ಕಡೆಗೆ ಬೀಳುತ್ತಾನೆ. ಕೆಳಗಿಳಿದರೆ ಅಲ್ಲೇ ನಿಲ್ಲಿಸಿ, ಸೈಕಲ್ ಎತ್ತಿ ಮೇಲಿಟ್ಟು ಹೊರಡಬೇಕು, ಓಡಿಸುತ್ತಾ ಹತ್ತಿಸಬಾರದು. ಕಾಂಕ್ರೀಟ್ ಪಟ್ಟಿಗಳ ನಡುವಿನ ಉದ್ದುದ್ದ ಸಂದಿಯಲ್ಲೂ ಇಂಥದೇ ಅಪಾಯ. ಸಂದಿಯ ಗುಂಟ ಹೋಗಬೇಡಿ, ದಾಟುವುದಿದ್ದರೆ ಆದಷ್ಟು ಅಡ್ಡಕ್ಕೆ ತಿರುಗಿ ಒಂದೇ ಸಲಕ್ಕೆ ದಾಟಿ. ಪಾಂಡೇಶ್ವರದ ರೈಲ್ವೆ ಗೇಟಿನಂಥ ಕಡೆ ಹಳಿಯನ್ನು ನೇರ ಅಡ್ಡಕ್ಕೆ ದಾಟಬೇಕು. ಒದ್ದೆ ಹಳಿಯ ಮೇಲೆ ಬ್ರೇಕ್ ಹಿಡಿಯಲೂಬಾರದು, ಹ್ಯಾಂಡಲ್ ತಿರುಗಿಸಲೂಬಾರದು.

ಇನ್ನು ಸೈಕಲ್. ಅಂಗಡಿಯಲ್ಲಿ ಮೊದಲು ತೋರಿಸುವುದು ದಪ್ಪ ಟಯರು, ಮುಂದೆ ಸಸ್ಪೆನ್ಶನ್ ಇರುವ ಗೇರ್ ಸೈಕಲ್. ನೋಡಲು ಗಟ್ಟಿಮುಟ್ಟು, ಆದರೆ ಅಗ್ಗದ ಸಸ್ಪೆನ್ಶನ್ ಎಂದರೆ ಎರಡು ಕಿಲೋದಷ್ಟು ಕಬ್ಬಿಣ, ಏರಿನಲ್ಲಿ ತುಳಿದ ಶಕ್ತಿಯನ್ನೂ ನುಂಗುತ್ತದೆ. ಇಲ್ಲಿನ ಉಪ್ಪುಗಾಳಿಗೆ ಅದರ ಒಳಗಿನ ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ. ದಿನಬಳಕೆಗೆ ಸಸ್ಪೆನ್ಶನ್ ಇಲ್ಲದ, 35ರಿಂದ 40 ಮಿ.ಮೀ. ಅಗಲದ ಟಯರಿರುವ ಹೈಬ್ರಿಡ್ ಸೈಕಲ್ ಸಾಕು. ಗೇರಿನಲ್ಲಿ ನೋಡಬೇಕಾದದ್ದು ಎಷ್ಟು ಸ್ಪೀಡ್ ಎಂದಲ್ಲ, ಅತಿ ಹಗುರದ ಗೇರ್ ಎಷ್ಟು ಹಗುರ ಎಂದು. ಮುಂದಿನ ಚಿಕ್ಕ ಹಲ್ಲುಚಕ್ರದ ಹಲ್ಲೂ ಹಿಂದಿನ ದೊಡ್ಡ ಹಲ್ಲುಚಕ್ರದ ಹಲ್ಲೂ ಹೆಚ್ಚುಕಡಿಮೆ ಸಮ ಇದ್ದರೆ, ಉದಾಹರಣೆಗೆ ಮುಂದೆ 34, ಹಿಂದೆ 34, ಬಲ್ಮಠದ ಗುಡ್ಡವನ್ನೂ ಕದ್ರಿಯ ಏರನ್ನೂ ಕೂತೇ ಹತ್ತಬಹುದು. ಹಳೆಯ ದೊಡ್ಡ ಸೈಕಲ್ಲಿನಲ್ಲಿ ಮುಂದೆ 44, ಹಿಂದೆ 18 ಹಲ್ಲಿರುತ್ತದೆ. ಸಮತಟ್ಟಿಗೆ ಅದು ಚೆಂದ, ಇಲ್ಲಿನ ಏರಿಗೆ ಮೊಣಕಾಲು ನೋವು. ನಿಂತು ತುಳಿಯುವಾಗ ಸೈಕಲ್ ಅಕ್ಕಪಕ್ಕ ವಾಲುತ್ತದೆ, ಹಿಂದಿನಿಂದ ಬರುವವರಿಗೆ ನಿಮ್ಮ ದಾರಿ ಅಂದಾಜಾಗುವುದಿಲ್ಲ. ಹಾಗಾಗಿ ಹಗುರದ ಗೇರೂ ಒಂದು ಸುರಕ್ಷತೆಯೇ.

ಬ್ರೇಕ್ ಬಗ್ಗೆ ಸ್ವಲ್ಪ ಉದ್ದಕ್ಕೇ ಹೇಳಬೇಕು, ಏಕೆಂದರೆ ಇಲ್ಲಿ ತಪ್ಪು ತಿಳುವಳಿಕೆ ಹೆಚ್ಚು. "ಎದುರಿನ ಬ್ರೇಕ್ ಹಿಡೀಬೇಡಿ ಮಾರಾಯ್ರೆ, ಪಲ್ಟಿ ಆಗ್ತೀರಿ" ಎಂದು ಸೈಕಲ್ ಅಂಗಡಿಯವರೇ ಹೇಳುವುದುಂಟು. ನಿಲ್ಲಿಸುವಾಗ ಭಾರವೆಲ್ಲ ಮುಂದಿನ ಚಕ್ರಕ್ಕೆ ಸರಿಯುತ್ತದೆ, ಹಿಂದಿನದು ಹಗುರಾಗುತ್ತದೆ. ಹಗುರಾದ ಚಕ್ರವನ್ನು ಎಷ್ಟು ಬಿಗಿ ಹಿಡಿದರೂ ಅದು ಜಾರುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಹಿಂದಿನ ಬ್ರೇಕ್ ಒಂದನ್ನೇ ನಂಬಿದರೆ ನಿಲ್ಲಲು ಸುಮಾರು ಎರಡು ಪಟ್ಟು ದೂರ ಬೇಕು. ಪಲ್ಟಿಯಾಗುವುದು ಮುಂದಿನದನ್ನು ಒಮ್ಮೆಲೇ ಕಚಕ್ಕನೆ ಹಿಡಿದಾಗ ಮತ್ತು ಕೈ ಸಡಿಲ ಬಿಟ್ಟು ಮೈ ಮುಂದಕ್ಕೆ ಬಂದಾಗ. ಎರಡನ್ನೂ ಒಟ್ಟಿಗೆ, ನಿಧಾನಕ್ಕೆ ಬಿಗಿ ಹೆಚ್ಚಿಸುತ್ತಾ, ಸೊಂಟವನ್ನು ಸೀಟಿನ ಹಿಂದಕ್ಕೆ ಸರಿಸಿ, ಕೈಗಳನ್ನು ಹ್ಯಾಂಡಲ್ಲಿಗೆ ಊರಿ ಹಿಡಿಯಬೇಕು. ಹಿಂದಿನ ಚಕ್ರ ಜಾರಿದ್ದು ಗೊತ್ತಾದರೆ ಮುಂದಿನದನ್ನು ತುಸು ಸಡಿಲಿಸಿ. ನಮ್ಮಲ್ಲಿ ಮಾರುವ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಬಲಗೈಯದು ಮುಂದಿನ ಬ್ರೇಕ್. ಆದರೂ ಹೊಸ ಸೈಕಲ್ ಹತ್ತುವ ಮೊದಲು ತಳ್ಳಿ ನೋಡಿ ಖಾತ್ರಿ ಮಾಡಿಕೊಳ್ಳಿ. ಅಭ್ಯಾಸಕ್ಕೆ ಆರಾಧನೆ ಮುಗಿದು ಖಾಲಿಯಾದ ಚರ್ಚ್ ಅಂಗಳ ಒಳ್ಳೆಯ ಜಾಗ. ಒಂದು ಗೆರೆ ಎಳೆದು, ಅಲ್ಲಿಂದ ಬ್ರೇಕ್ ಹಿಡಿದು, ಎಲ್ಲಿ ನಿಂತಿತೆಂದು ಗುರುತು ಹಾಕಿ. ಮಳೆ ಬಂದು ನೆಲ ಒದ್ದೆಯಾದ ದಿನ ಅದೇ ಗೆರೆಯಿಂದ ಮತ್ತೆ ಮಾಡಿ. ಎರಡು ಗುರುತುಗಳ ನಡುವಿನ ಅಂತರ ಕಂಡವರಿಗೆ ಮಳೆಗಾಲದಲ್ಲಿ ನಿಧಾನ ಹೋಗಿ ಎಂದು ಬೇರೆ ಹೇಳಬೇಕಾಗಿಲ್ಲ.

ಲೆಕ್ಕ ಹೀಗಿದೆ. ಗಂಟೆಗೆ 20 ಕಿ.ಮೀ. ವೇಗವೆಂದರೆ ಸೆಕೆಂಡಿಗೆ ಐದೂವರೆ ಮೀಟರ್. ಕಣ್ಣು ಕಂಡು ಕೈ ಹಿಡಿಯುವಷ್ಟರಲ್ಲಿ ಒಂದು ಸೆಕೆಂಡ್ ಹೋದರೆ ಐದೂವರೆ ಮೀಟರ್ ಆಗಲೇ ಮುಗಿಯಿತು. ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕಿಗೆ ಇನ್ನು ಮೂರು ಮೀಟರ್ ಬೇಕು. ಗುಡ್ಡದಿಂದ ಹಂಪನಕಟ್ಟೆ ಕಡೆಗೆ ತುಳಿಯದೆ ಬಿಟ್ಟರೂ ಸೈಕಲ್ 35ರ ವೇಗ ಮುಟ್ಟುತ್ತದೆ. ಆಗ ಒಟ್ಟು ದೂರ 19 ಮೀಟರ್ ಹತ್ತಿರ ಹೋಗುತ್ತದೆ, ಅದೂ ಒಣ ರಸ್ತೆಯಲ್ಲಿ. ಇಳಿಜಾರಿನಲ್ಲಿ ಇನ್ನೂ ತುಸು ಹೆಚ್ಚೇ ಬೇಕು. ರಿಮ್ಮನ್ನು ಹಿಡಿಯುವ ಬ್ರೇಕಾದರೆ ಮಳೆಯಲ್ಲಿ ಚಕ್ರದ ಮೊದಲ ಒಂದೆರಡು ಸುತ್ತು ನೀರು ಒರೆಸುವುದರಲ್ಲೇ ಹೋಗುತ್ತದೆ, ಹಿಡಿತವೇ ಸಿಗುವುದಿಲ್ಲ. ಅದಕ್ಕೆ ಇಳಿಜಾರು ಶುರುವಾಗುವ ಮೊದಲೇ ಬ್ರೇಕನ್ನು ಹಗುರಾಗಿ ತಾಗಿಸಿ ರಿಮ್ ಒರೆಸಿಟ್ಟುಕೊಳ್ಳಬೇಕು, ಇಳಿಯುವಾಗಲೂ ಆಗಾಗ ತಾಗಿಸುತ್ತಿರಬೇಕು.

ಬೆಳಿಗ್ಗೆ ಹೊರಡುವ ಮೊದಲು ಗಾಳಿ, ಬ್ರೇಕ್, ಚೈನ್ ಈ ಮೂರನ್ನು ನೋಡಲು ಎರಡು ನಿಮಿಷ ಸಾಕು. ಹೆಬ್ಬೆರಳಿನಿಂದ ಟಯರ್ ಒತ್ತಿ ನೋಡುವುದು ಅಂದಾಜು ಮಾತ್ರ, ವಾರಕ್ಕೊಮ್ಮೆ ಮೀಟರ್ ಇರುವ ಪಂಪಿನಿಂದ ತುಂಬಿ. 38 ಮಿ.ಮೀ. ಟಯರಿಗೆ ಸವಾರನ ತೂಕ ನೋಡಿ 50ರಿಂದ 60 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ), ಮಳೆಗಾಲದಲ್ಲಿ ಐದರಷ್ಟು ಕಡಿಮೆ ಇಟ್ಟರೆ ಹಿಡಿತ ಹೆಚ್ಚು. ಟಯರಿನ ಬದಿಯಲ್ಲಿ ಅಚ್ಚಾದ ಗರಿಷ್ಠ ಅಂಕಿಯನ್ನು ದಾಟಬಾರದು. ಬೈಕಿನ ಥರದ ವಾಲ್ವ್ ಇದ್ದರೆ ಪೆಟ್ರೋಲ್ ಬಂಕಿನಲ್ಲೂ ಹಾಕಿಸಬಹುದು. ಆದರೆ ಅಲ್ಲಿನ ಗಾಳಿ ರಭಸದಿಂದ ಬರುತ್ತದೆ, ಸಣ್ಣ ಟ್ಯೂಬು ಕ್ಷಣದಲ್ಲಿ ತುಂಬಿ ಒಡೆಯಬಹುದು, ಚೂರು ಚೂರೇ ಬಿಡಲು ಹೇಳಿ. ಹಳೆಯ ಸೈಕಲ್ಲಿನ ರಬ್ಬರ್ ನಳಿಗೆಯ ವಾಲ್ವಿನಲ್ಲಿ ಒತ್ತಡ ಅಳೆಯಲು ಬರುವುದಿಲ್ಲ. ಆ ನಳಿಗೆ ಸೆಕೆಗೆ ಒಣಗಿ ಬಿರಿಯುವುದರಿಂದ ವರ್ಷಕ್ಕೊಮ್ಮೆ ಬದಲಿಸಬೇಕು.

ಬ್ರೇಕ್ ಲಿವರನ್ನು ಪೂರ್ತಿ ಒತ್ತಿದಾಗ ಹಿಡಿಗೂ ಲಿವರಿಗೂ ನಡುವೆ ಎರಡು ಬೆರಳು ಹೋಗುವಷ್ಟು ಜಾಗ ಉಳಿಯಬೇಕು. ಉಳಿಯದಿದ್ದರೆ ಲಿವರಿನ ಬುಡದ ತಿರುಪನ್ನು ಹೊರಕ್ಕೆ ತಿರುಗಿಸಿ ಕೇಬಲ್ ಬಿಗಿ ಮಾಡಿ. ತಿರುಪು ಕೊನೆಗೆ ಬಂದಿದ್ದರೆ ಶೂ ಸವೆದಿದೆ ಎಂದರ್ಥ. ಶೂವಿನ ಮೇಲಿನ ಗೀರುಗಳು ಮಾಸಿದ್ದರೆ ಹೊಸದು ಹಾಕಿಸಿ. ಕೂರಿಸುವಾಗ ಶೂ ರಿಮ್ಮಿಗೆ ಮಾತ್ರ ತಾಗಬೇಕು. ಮೇಲಕ್ಕೆ ಹೋಗಿ ಟಯರಿಗೆ ಉಜ್ಜಿದರೆ ಟಯರ್ ಬದಿ ಕೊಯ್ದು ಟ್ಯೂಬ್ ಹೊರಬರುತ್ತದೆ. ಕಿರ್ರೆನ್ನುವ ಶಬ್ದ ಬಂದರೆ ಶೂವಿನ ಹಿಂತುದಿಗೆ ಒಂದು ವಿಸಿಟಿಂಗ್ ಕಾರ್ಡ್ ಇಟ್ಟು ಬಿಗಿ ಮಾಡಿ ಕಾರ್ಡ್ ತೆಗೆಯಿರಿ, ಮುಂತುದಿ ಮೊದಲು ತಾಗುವಂತಾದರೆ ಶಬ್ದ ನಿಲ್ಲುತ್ತದೆ. ನಮ್ಮ ಕೆಂಪು ಮಣ್ಣಿನ ನೀರು ಶೂವಿಗೂ ರಿಮ್ಮಿಗೂ ಅರದ ಕೆಲಸ ಮಾಡುತ್ತದೆ, ಮಳೆಗಾಲದಲ್ಲಿ ಬೇಸಿಗೆಗಿಂತ ಬಹಳ ಬೇಗ ಸವೆತ ಕಾಣುತ್ತದೆ. ಡಿಸ್ಕ್ ಬ್ರೇಕ್ ಮಳೆಗೆ ಮೇಲು. ಆದರೆ ಡಿಸ್ಕಿಗೆ ಒಂದು ಹನಿ ಎಣ್ಣೆ ಬಿದ್ದರೂ ಪ್ಯಾಡ್ ಹಾಳು, ಹಾಗಾಗಿ ಚೈನಿಗೆ ಎಣ್ಣೆ ಬಿಡುವಾಗ ಡಿಸ್ಕಿಗೆ ಬಟ್ಟೆ ಮುಚ್ಚಿ.

ಚೈನಿಗೆ ಕೆಲವರು ತೆಂಗಿನೆಣ್ಣೆ, ಕೆಲವರು ಗ್ಯಾರೇಜಿನ ವೇಸ್ಟ್ ಆಯಿಲ್ ಹಚ್ಚುತ್ತಾರೆ. ಅಡುಗೆ ಎಣ್ಣೆ ಅಂಟಾಗಿ ಧೂಳು ಹಿಡಿಯುತ್ತದೆ. ವೇಸ್ಟ್ ಆಯಿಲಿನಲ್ಲಿ ಎಂಜಿನ್ನಿನ ಲೋಹದ ಪುಡಿ ಇರುತ್ತದೆ, ಅದು ಚೈನನ್ನು ತೇಯುತ್ತದೆ. ಚೈನ್ ಎಣ್ಣೆ ಎಂದೇ ಸಿಗುವುದನ್ನು ಕೊಂಡು, ಪ್ರತಿ ಕೊಂಡಿಯ ಒಳಬದಿಗೆ ಒಂದೊಂದು ಹನಿ ಬಿಟ್ಟು, ಪೆಡಲ್ ಹಿಂದಕ್ಕೆ ತಿರುಗಿಸಿ, ಹತ್ತು ನಿಮಿಷ ಬಿಟ್ಟು ಹೊರಗಿನ ಎಣ್ಣೆಯನ್ನೆಲ್ಲ ಒಣಬಟ್ಟೆಯಿಂದ ಒರೆಸಿಬಿಡಬೇಕು. ಒರೆಸುವುದನ್ನು ಬಿಟ್ಟರೆ ಎಣ್ಣೆ ಹಾಕಿ ಪ್ರಯೋಜನವಿಲ್ಲ. ಸವೆತ ಅಳೆಯಲು ಸ್ಟೀಲ್ ಸ್ಕೇಲ್ ಸಾಕು. ಹೊಸ ಚೈನಿನಲ್ಲಿ ಪಿನ್ನಿನಿಂದ ಪಿನ್ನಿಗೆ 24 ಕೊಂಡಿಗಳಿಗೆ ಸರಿಯಾಗಿ 12 ಇಂಚು. ಅದು ಇಂಚಿನ ಹದಿನಾರನೇ ಒಂದು ಭಾಗ ಉದ್ದವಾದರೆ ಚೈನ್ ಬದಲಿಸಿ. ಎಂಟನೇ ಒಂದು ಭಾಗದವರೆಗೆ ತಡೆದರೆ ಹಿಂದಿನ ಹಲ್ಲುಚಕ್ರವನ್ನೂ ಬದಲಿಸಬೇಕಾಗುತ್ತದೆ. ಇದು ದುಡ್ಡಿನ ಮಾತು ಮಾತ್ರವಲ್ಲ. ಸವೆದ ಚೈನ್ ಏರಿನಲ್ಲಿ ಬಲ ಹಾಕಿ ತುಳಿಯುವಾಗ ಹಲ್ಲು ಹಾರುತ್ತದೆ, ಕಾಲು ಜಾರಿ ಸವಾರ ಅಡ್ಡಪಟ್ಟಿಯ ಮೇಲೆ ಬೀಳುತ್ತಾನೆ, ಹಿಂದೆ ವಾಹನ ಇರುತ್ತದೆ.

ಮಳೆಗಾಲ ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆ ನಾಲ್ಕು ತಿಂಗಳು ಸೈಕಲ್ ಮೂಲೆಗಿಡುವವರನ್ನು ನಾನು ಆಕ್ಷೇಪಿಸುವುದಿಲ್ಲ. ಓಡಿಸುವವರು ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ಮೊದಲ ಮಳೆಯ ಮೊದಲ ಅರ್ಧ ಗಂಟೆಯಲ್ಲಿ ರಸ್ತೆಯ ಎಣ್ಣೆ, ಧೂಳು ನೀರಿನ ಜೊತೆ ಸೇರಿ ಜಾರುತ್ತದೆ, ಜೋರು ಮಳೆ ಬಂದು ತೊಳೆದ ಮೇಲೆ ಅಷ್ಟಿಲ್ಲ. ಜುಲೈ ಹೊತ್ತಿಗೆ ಬೇರೆ ಅಪಾಯ: ಬಿಸಿಲು ಬೀಳದ ಇಂಟರ್‌ಲಾಕ್ ಮೇಲೂ ಕಾಂಕ್ರೀಟಿನ ಅಂಚಿನಲ್ಲೂ ಪಾಚಿ ಕಟ್ಟುತ್ತದೆ. ನಡೆದರೇ ಜಾರುವ ಜಾಗದಲ್ಲಿ ಸೈಕಲ್ ತಿರುಗಿಸುವುದಕ್ಕಿಲ್ಲ. ಗುಡ್ಡ ಕಡಿದ ಕಡೆಯಿಂದ ಕೆಂಪು ಮಣ್ಣು, ಜಲ್ಲಿ ಹರಿದು ಬಂದು ತಿರುವಿನ ಒಳಬದಿಯಲ್ಲೇ ಕೂರುತ್ತದೆ. ನಿಂತ ನೀರಿನಲ್ಲಿ ಹೊಂಡ ಎಷ್ಟು ಆಳ ಎಂದು ತಿಳಿಯುವುದಿಲ್ಲ, ಕಾರುಗಳ ಚಕ್ರ ಹೋದ ಗೆರೆಯಲ್ಲೇ ಹೋಗಿ. ರಸ್ತೆಯೂ ಚರಂಡಿಯೂ ಒಂದೇ ಆಗಿ ನೀರು ಹರಿಯುತ್ತಿದ್ದರೆ ಮುಂದೆ ಹೋಗುವ ಪ್ರಶ್ನೆಯೇ ಇಲ್ಲ. ಎಲ್ಲಿಯೋ ಒಂದು ಚಪ್ಪಡಿ ಇರುವುದಿಲ್ಲ, ಅದು ಎಲ್ಲಿ ಎಂದು ಯಾರಿಗೂ ಕಾಣುವುದಿಲ್ಲ. ಯಾವುದಾದರೂ ಅಂಗಡಿಯ ಜಗಲಿಯಲ್ಲಿ ನಿಲ್ಲಿ. ಕೆಲಸಕ್ಕೆ ತಡವಾದರೆ ಆಗಲಿ.

ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು ಹೋಗುವ ಪದ್ಧತಿ ಕರಾವಳಿಯಲ್ಲಿ ಹಳೆಯದು. ಅದನ್ನು ಬಿಡಬೇಕು. ಒಂದು ಬ್ರೇಕ್ ಕೈತಪ್ಪುತ್ತದೆ, ಲಾರಿ ಪಕ್ಕದಲ್ಲಿ ಹೋದಾಗ ಗಾಳಿ ಕೊಡೆಯನ್ನು ಎಳೆಯುತ್ತದೆ. ಮೈತುಂಬ ಹೊದೆಯುವ ಜೋಲು ರೇನ್‌ಕೋಟೂ ಬೇಡ, ಅದು ಹಿಂದಿನ ಲೈಟನ್ನು ಮುಚ್ಚುತ್ತದೆ, ಚಕ್ರಕ್ಕೆ ಸಿಕ್ಕುತ್ತದೆ. ಅಂಗಿ, ಪ್ಯಾಂಟ್ ಬೇರೆ ಬೇರೆ ಇರುವ ಹಳದಿ ಅಥವಾ ಕಿತ್ತಳೆ ಬಣ್ಣದ್ದು ತೆಗೆದುಕೊಳ್ಳಿ. ಕಪ್ಪು, ಕಡುನೀಲಿ ಸುಲಭವಾಗಿ ಸಿಗುತ್ತದೆ, ಆದರೆ ಮಳೆಯ ಸಂಜೆಯಲ್ಲಿ ಕಾಣುವುದೇ ಇಲ್ಲ. ಹೆಲ್ಮೆಟ್ಟಿನೊಳಗೆ ತೆಳು ಟೋಪಿ ಹಾಕಿದರೆ ಅದರ ಅಂಚು ಕಣ್ಣಿಗೆ ನೀರು ಬೀಳದಂತೆ ತಡೆಯುತ್ತದೆ. ಹವಾಯಿ ಚಪ್ಪಲಿ ಪೆಡಲಿನಿಂದ ಜಾರುತ್ತದೆ, ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಹಾಕಿ. ಎರಡೂ ಚಕ್ರಕ್ಕೆ ಪೂರ್ತಿ ಉದ್ದದ ಮಡ್‌ಗಾರ್ಡ್ ಬೇಕು. ಇಲ್ಲದಿದ್ದರೆ ರಸ್ತೆಯ ಕೆಸರು ಚೈನಿಗೂ ಹೋಗುತ್ತದೆ, ನಿಮ್ಮ ಬೆನ್ನಿಗೂ ಹೋಗುತ್ತದೆ. ಸೀರೆ, ಚೂಡಿದಾರ್ ಉಡುವವರು ಹಿಂದಿನ ಚಕ್ರಕ್ಕೆ ಸೀರೆ ಗಾರ್ಡ್ ಹಾಕಿಸಿ, ಶಾಲನ್ನು ಹಿಂದೆ ಗಂಟು ಕಟ್ಟಿ. ಮಳೆ ನಿಂತ ಮೇಲೆ ಸೆಪ್ಟೆಂಬರ್ ಕೊನೆಗೆ ಸೈಕಲ್ಲನ್ನು ಪೂರ್ತಿ ಬಿಚ್ಚಿಸಿ ಚಕ್ರದ ನಡುವಿನ ಹಬ್ಬುಗಳಿಗೂ ಪೆಡಲ್ ಆಕ್ಸಲ್ಲಿಗೂ ಹೊಸ ಗ್ರೀಸ್ ಹಾಕಿಸಿ. ಸೀಟಿನ ಕಂಬವನ್ನು ಮರೆಯಬೇಡಿ. ಗ್ರೀಸ್ ಇಲ್ಲದೆ ಬಿಟ್ಟರೆ ಉಪ್ಪುಗಾಳಿಗೆ ಅದು ಫ್ರೇಮಿನೊಳಗೆ ಅಂಟಿಕೊಂಡು ಆಮೇಲೆ ಯಾರು ಎಳೆದರೂ ಬಾರದು.

ರಸ್ತೆಯಲ್ಲಿ ಎಲ್ಲಿ ಹೋಗಬೇಕು ಎಂಬುದಕ್ಕೆ ನನ್ನ ಅಭಿಪ್ರಾಯ ಖಚಿತ: ಅಂಚಿನಿಂದ ಒಂದು ಮೀಟರ್ ಒಳಗೆ. ಅಂಚಿಗೆ ಅಂಟಿಕೊಂಡು ಹೋದರೆ ಹಿಂದಿನವರು ಜಾಗ ಇದೆ ಎಂದು ಉಜ್ಜಿಕೊಂಡೇ ಹೋಗುತ್ತಾರೆ, ನಿಮಗೆ ಸರಿಯಲು ಎಡಕ್ಕೆ ಜಾಗವಿರುವುದಿಲ್ಲ. ನಿಂತ ಕಾರುಗಳ ಸಾಲಿನ ಪಕ್ಕ ಒಂದೂಕಾಲು ಮೀಟರ್ ಬಿಡಿ, ಬಾಗಿಲು ತೆರೆದರೆ ಅಷ್ಟು ಬೇಕು. ಸಿಟಿ ಬಸ್ಸುಗಳ ಡ್ರೈವರ್, ಕಂಡಕ್ಟರ್ ಟೈಮಿನ ಒತ್ತಡದಲ್ಲಿ ಇರುತ್ತಾರೆ. ನಿಮ್ಮನ್ನು ದಾಟಿದ ಬಸ್ಸು ಹತ್ತು ಹೆಜ್ಜೆಯಲ್ಲೇ ಸ್ಟಾಪಿಗೆ ಎಡಕ್ಕೆ ಎಳೆಯುತ್ತದೆ ಎಂದೇ ಎಣಿಸಿ, ಸ್ಟಾಪ್ ಹತ್ತಿರ ಬಂದರೆ ನೀವೇ ವೇಗ ಇಳಿಸಿ. ನಿಂತ ಬಸ್ಸಿನ ಎಡಕ್ಕೆ ಎಂದೂ ನುಗ್ಗಬೇಡಿ, ಇಳಿಯುವವರು ನೇರ ನಿಮ್ಮ ಚಕ್ರದ ಮುಂದೆ ಇಳಿಯುತ್ತಾರೆ. ಬಸ್ಸಿನ ಕನ್ನಡಿಯಲ್ಲಿ ಡ್ರೈವರ್ ಮುಖ ನಿಮಗೆ ಕಾಣದಿದ್ದರೆ ಅವರಿಗೂ ನೀವು ಕಾಣುವುದಿಲ್ಲ. ಬಲಕ್ಕೆ ತಿರುಗುವುದಿದ್ದರೆ ಮೂವತ್ತು ಮೀಟರ್ ಮೊದಲೇ ಹಿಂದೆ ತಿರುಗಿ ನೋಡಿ, ಕೈ ಚಾಚಿ, ಮತ್ತೊಮ್ಮೆ ನೋಡಿ ಸರಿಯಬೇಕು. ತಿರುಗಿ ನೋಡುವಾಗ ಹ್ಯಾಂಡಲ್ ಆ ಕಡೆಗೇ ಎಳೆಯುತ್ತದೆ, ಖಾಲಿ ಮೈದಾನದಲ್ಲಿ ಗೆರೆಯ ಮೇಲೆ ಹೋಗುತ್ತಾ ಅಭ್ಯಾಸ ಮಾಡಿ. ರಾಂಗ್ ಸೈಡಿನಲ್ಲಿ ಬರುವುದು ಯಾವ ಕಾರಣಕ್ಕೂ ಸಲ್ಲದು. ಅಡ್ಡರಸ್ತೆಯಿಂದ ಬರುವವರು ಆ ಕಡೆ ನೋಡುವುದೇ ಇಲ್ಲ.

ಕತ್ತಲಾದ ಮೇಲೆ ಮುಂದೆ ಬಿಳಿ ಲೈಟು, ಹಿಂದೆ ಕೆಂಪು ಲೈಟು, ಜೊತೆಗೆ ಕೆಂಪು ರಿಫ್ಲೆಕ್ಟರ್. ಲೈಟಿನ ಚಾರ್ಜ್ ಮುಗಿದರೂ ರಿಫ್ಲೆಕ್ಟರ್ ಕೆಲಸ ಮಾಡುತ್ತದೆ. ಪೆಡಲಿಗೆ ಅಥವಾ ಕಾಲಿನ ಗಂಟಿಗೆ ಹೊಳೆಯುವ ಪಟ್ಟಿ ಹಾಕಿದರೆ ಅದು ಮೇಲೆ ಕೆಳಗೆ ಆಡುವುದರಿಂದ ಹಿಂದಿನವರಿಗೆ ಸೈಕಲ್ ಎಂದು ಕೂಡಲೇ ಗೊತ್ತಾಗುತ್ತದೆ. ಮುಂದಿನ ಲೈಟನ್ನು ನೆಲಕ್ಕೆ ಎಂಟು ಹತ್ತು ಮೀಟರ್ ದೂರದಲ್ಲಿ ಬೀಳುವಂತೆ ಬಗ್ಗಿಸಿ ಕಟ್ಟಿ. ಎದುರಿನವರ ಕಣ್ಣಿಗೆ ಹೊಡೆಯುವ ಬೆಳಕು ಅವರಿಗೂ ಅಪಾಯ, ಅವರ ಪಕ್ಕ ನಡೆಯುವವರಿಗೂ ಅಪಾಯ. ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬ ಆಜ್ಞೆಗೆ ರಸ್ತೆಯಲ್ಲಿ ಇಂಥ ರೂಪಗಳಿವೆ. ಲೈಟು ಬಗ್ಗಿಸುವುದು, ಫುಟ್‌ಪಾತಿನಲ್ಲಿ ಸೈಕಲ್ ಓಡಿಸದಿರುವುದು, ಶಾಲೆ ಬಿಡುವ ಹೊತ್ತಿಗೆ ಬೆಲ್ ಬಾರಿಸುವುದಕ್ಕಿಂತ ಇಳಿದು ತಳ್ಳುವುದು. ಕಾರು, ಬಸ್ಸುಗಳ ಎದುರು ನಾವು ಬಡವರು ನಿಜ, ಆದರೆ ನಡೆಯುವ ಅಜ್ಜಿಯ ಎದುರು ನಾವೂ ವಾಹನವೇ.

ಪ್ರಾರ್ಥನೆಯನ್ನು ಸೈಕಲ್ ಹತ್ತುವ ಮೊದಲು ಮುಗಿಸಿಕೊಳ್ಳುವುದು ಒಳ್ಳೆಯದು. ಟಯರ್ ನೋಡಲು ಬಗ್ಗಿದಾಗಲೇ ಎರಡು ಮಾತು ಹೇಳಿದರೆ ತಪಾಸಣೆಯೂ ತಪ್ಪುವುದಿಲ್ಲ, ಪ್ರಾರ್ಥನೆಯೂ ತಪ್ಪುವುದಿಲ್ಲ. ದಾರಿಯಲ್ಲಿ ಕಿವಿಗೆ ಇಯರ್‌ಫೋನ್ ಬೇಡ, ಅದರಲ್ಲಿ ಬರುವುದು ಭಕ್ತಿಗೀತೆಯೇ ಆಗಿರಲಿ. ಹಿಂದಿನ ವಾಹನ ಹತ್ತಿರವೋ ದೂರವೋ ಎಂದು ತಿಳಿಸುವುದು ಕಿವಿಯೇ. ಯಾರಾದರೂ ಉಜ್ಜಿಕೊಂಡು ಹೋದಾಗ ಬರುವ ಸಿಟ್ಟು ಸೈಕಲ್ ಸವಾರರಿಗೆ ದೊಡ್ಡ ಶತ್ರು. ಬೆನ್ನಟ್ಟಿ ಹೋಗಿ ಕೇಳಬೇಕು ಎನಿಸುತ್ತದೆ, ಗೊತ್ತಿಲ್ಲದೆ ಜೋರು ತುಳಿಯುತ್ತೇವೆ, ಮುಂದಿನ ಜಂಕ್ಷನ್ನಿನಲ್ಲಿ ಕಣ್ಣು ಆ ಗಾಡಿಯ ಮೇಲೆ ಇರುತ್ತದೆಯೇ ಹೊರತು ಅಡ್ಡ ಬರುವವರ ಮೇಲಲ್ಲ. ನಿಮ್ಮನ್ನು ಹಿಂಸಿಸುವವರನ್ನು ಆಶೀರ್ವದಿಸಿರಿ, ಶಪಿಸಬೇಡಿರಿ ಎಂದು ಪೌಲನು ರೋಮಾಪುರದವರಿಗೆ ಬರೆದದ್ದನ್ನು ಇಲ್ಲಿ ಅಕ್ಷರಶಃ ಪಾಲಿಸಿ ನೋಡಬಹುದು. ಬದಿಗೆ ನಿಲ್ಲಿಸಿ, ಒಂದು ಕಾಲು ನೆಲಕ್ಕೆ ಊರಿ, ಆ ಡ್ರೈವರ್ ಹೆಸರು ಗೊತ್ತಿಲ್ಲದಿದ್ದರೂ ಅವರು ಸುಖವಾಗಿ ಮನೆ ಮುಟ್ಟಲಿ ಎಂದು ಕೇಳಿ, ಉಸಿರು ಹದಕ್ಕೆ ಬಂದ ಮೇಲೆ ಹೊರಡಿ. ಗಾಡಿ ನಂಬರ್ ಬರೆದು ದೂರು ಕೊಡಬೇಕಾದ ಸಂಗತಿಯಾದರೆ ಆಮೇಲೆ ಕೊಡಿ, ಆಶೀರ್ವಾದಕ್ಕೂ ದೂರಿಗೂ ವಿರೋಧವಿಲ್ಲ.

ಭಾನುವಾರದ ಆರಾಧನೆಗೆ ಹೋಗುವಾಗ ರಸ್ತೆ ಖಾಲಿ ಇರುತ್ತದೆ ಎಂದು ನಿರಾಳವಾಗುವುದು ಬೇಡ, ಖಾಲಿ ರಸ್ತೆಯಲ್ಲೇ ವೇಗ ಹೆಚ್ಚು. ಒಳ್ಳೆಯ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕ್ಯಾರಿಯರಿನಲ್ಲಿ ಇಟ್ಟು, ಹದಿನೈದು ನಿಮಿಷ ಮೊದಲು ತಲುಪಿ ಬೆವರಾರಿಸಿ ಬದಲಿಸಿಕೊಳ್ಳಬಹುದು. ಡಿಸೆಂಬರ್ 31ರ ರಾತ್ರಿಯ ಆರಾಧನೆಗೆ ಮಾತ್ರ ಸೈಕಲ್ ಬೇಡ ಎನ್ನುತ್ತೇನೆ. ಮಧ್ಯರಾತ್ರಿ ಕಳೆದು ಹೊರಬರುವ ಹೊತ್ತಿಗೆ ಕುಡಿದು ಓಡಿಸುವವರೂ ರಸ್ತೆಗೆ ಇಳಿದಿರುತ್ತಾರೆ, ಯಾವ ಲೈಟೂ ಅವರಿಂದ ಕಾಯಲಾರದು.

ಇಷ್ಟೆಲ್ಲ ಮಾಡಿದರೂ ಅಪಘಾತ ಆಗಬಹುದು, ನಮಗಲ್ಲದಿದ್ದರೆ ನಮ್ಮ ಕಣ್ಣೆದುರು. ಲೂಕ 10ರಲ್ಲಿ ಯೇಸು ಹೇಳುವ ಸಮಾರ್ಯದವನ ಸಾಮ್ಯಕಥೆ ನಡೆಯುವುದೇ ಒಂದು ರಸ್ತೆಯಲ್ಲಿ, ಜೆರುಸಲೇಮಿನಿಂದ ಜೆರಿಕೋವಿಗೆ ಇಳಿಯುವ ದಾರಿಯಲ್ಲಿ.  ಕಳ್ಳರು ಹೊಡೆದು ಅರೆಜೀವ ಮಾಡಿ ಬಿಟ್ಟವನೊಬ್ಬ ಅಲ್ಲಿ ಬಿದ್ದಿದ್ದ. ಯಾಜಕನೂ, ದೇವಾಲಯದ ಸೇವೆಯ ಲೇವಿಯನೂ ಅವನನ್ನು ಕಂಡು ಬದಿಯಿಂದ ದಾಟಿ ಹೋದರು. ಸಮಾರ್ಯದವನು ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿ, ತನ್ನ ಪ್ರಾಣಿಯ ಮೇಲೆ ಕೂರಿಸಿ, ಛತ್ರಕ್ಕೆ ಒಯ್ದು, ಎರಡು ದಿನಾರಿ ನಾಣ್ಯ ಕೊಟ್ಟು, ಹೆಚ್ಚಾದದ್ದನ್ನೂ ಕೊಡುತ್ತೇನೆ ಎಂದ. ನಮ್ಮಲ್ಲಿ ಬಿದ್ದವರನ್ನು ಎತ್ತಲು ಜನ ಹಿಂಜರಿಯುವುದು ಪೊಲೀಸ್, ಕೋರ್ಟ್, ಆಸ್ಪತ್ರೆ ಬಿಲ್ ಎಂಬ ಹೆದರಿಕೆಯಿಂದ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಕಲಂ ಆ ಸಮಾರ್ಯದವನ ಹೆಸರಿನಲ್ಲೇ ಇದೆ. ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿದವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಹೊರಿಸುವಂತಿಲ್ಲ. 2020ರ ನಿಯಮಗಳ ಪ್ರಕಾರ ಹೆಸರು, ವಿಳಾಸ ಕೊಡಲು ಒತ್ತಾಯಿಸುವಂತಿಲ್ಲ. ಗುದ್ದಿ ಓಡಿಹೋದ ವಾಹನ ಸಿಗದಿದ್ದರೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ ಪರಿಹಾರ 2022ರಿಂದ ಇದೆ. 2025ರ ಮೇ ತಿಂಗಳಲ್ಲಿ ಬಂದ ಕೇಂದ್ರದ ಯೋಜನೆಯಲ್ಲಿ ಮೋಟಾರು ವಾಹನದ ಅಪಘಾತದಲ್ಲಿ ಗಾಯಗೊಂಡವರಿಗೆ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ, ಒಂದೂವರೆ ಲಕ್ಷ ರೂಪಾಯಿ ತನಕ ನಗದಿಲ್ಲದ ಚಿಕಿತ್ಸೆ ಉಂಟು. ಎರಡು ದಿನಾರಿಯನ್ನು ಕೂಡ ಈಗ ಯಾರೂ ಕೇಳುವಂತಿಲ್ಲ, ನಿಲ್ಲುವ ಮನಸ್ಸು ಮಾತ್ರ ಬೇಕು.

ನಿಂತ ಮೇಲೆ ಮಾಡಬೇಕಾದದ್ದು ಹೀಗೆ. ಮೊದಲು ಹಿಂದಿನಿಂದ ಬರುವ ವಾಹನಗಳಿಗೆ ಯಾರಾದರೊಬ್ಬರು ಕೈ ತೋರಿಸಲಿ, ಇಲ್ಲವಾದರೆ ಎರಡನೇ ಅಪಘಾತ ಆಗುತ್ತದೆ. 112 ಅಥವಾ 108ಕ್ಕೆ ಕರೆ ಮಾಡಿ, ಜಾಗಕ್ಕೆ ಹತ್ತಿರದ ಚರ್ಚ್, ಶಾಲೆ, ಜಂಕ್ಷನ್ ಹೆಸರು ಹೇಳಿ. ರಕ್ತ ಹರಿಯುತ್ತಿದ್ದರೆ ಶುಭ್ರ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಮತ್ತೆ ಮತ್ತೆ ತೆಗೆದು ನೋಡಬೇಡಿ. ತಲೆಗೆ, ಕುತ್ತಿಗೆಗೆ ಪೆಟ್ಟಾಗಿದ್ದರೆ ಬೆಂಕಿಯಂಥ ಅಪಾಯ ಇಲ್ಲದ ಹೊರತು ಅಲ್ಲಾಡಿಸಬೇಡಿ, ರಿಕ್ಷಾದಲ್ಲಿ ಮಡಚಿ ಕೂರಿಸಬೇಡಿ. ಬಾಯಿಗೆ ನೀರು ಹಾಕುವುದು ನಮ್ಮಲ್ಲಿ ರೂಢಿ, ಪ್ರಜ್ಞೆ ತಪ್ಪಿದವರಿಗೆ ಅದು ಶ್ವಾಸಕ್ಕೆ ಹೋಗಿ ಪ್ರಾಣಕ್ಕೇ ಕುತ್ತು. ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಒಳಗಿನ ಥರ್ಮೋಕೋಲ್ ಕುಸಿದಿರುತ್ತದೆ, ಅದನ್ನು ಮತ್ತೆ ಹಾಕಬಾರದು. ಹೊಸದನ್ನು ಕೊಳ್ಳುವಾಗ ಹುಬ್ಬಿನಿಂದ ಎರಡು ಬೆರಳು ಮೇಲೆ ಕೂರುವ, ಗಲ್ಲದ ಪಟ್ಟಿಗೆ ಒಂದೆರಡು ಬೆರಳು ಮಾತ್ರ ತೂರುವ ಅಳತೆ ನೋಡಿ.

ಸೀಟಿನ ಕೆಳಗಿನ ಪೌಚಿನಲ್ಲಿ ಟ್ಯೂಬ್, ಟಯರ್ ಲಿವರ್, ಪ್ಯಾಚ್, ಸಲ್ಯೂಷನ್ ಜೊತೆ ಒಂದು ಚೀಟಿ ಇಟ್ಟಿರಬೇಕು. ಹೆಸರು, ರಕ್ತದ ಗುಂಪು, ಆಗದ ಔಷಧಿ ಇದ್ದರೆ ಅದು, ಮನೆಯ ಇಬ್ಬರ ಫೋನ್ ನಂಬರ್, ಚರ್ಚ್ ಆಫೀಸಿನ ನಂಬರ್. ಮೊಬೈಲ್ ಲಾಕ್ ಆಗಿರುತ್ತದೆ ಅಥವಾ ಬಿದ್ದು ಒಡೆದಿರುತ್ತದೆ. ಚೀಟಿಯನ್ನು ಲ್ಯಾಮಿನೇಟ್ ಮಾಡಿಸಿ, ಅದರ ಇನ್ನೊಂದು ಪ್ರತಿಯನ್ನು ಹೆಲ್ಮೆಟ್ಟಿನ ಒಳಗೆ ಅಂಟಿಸಿ. ಮಳೆಗಾಲದಲ್ಲಿ ಶಾಯಿ ಹರಡುವುದರಿಂದ ಬಾಲ್‌ಪೆನ್ನಿನಲ್ಲೇ ಬರೆಯಿರಿ.